ಕಣ್ಣುಗೂಡಿನ ಎಕ್ಸ್-ರೇ: ಎಂಆರ್‌ಐ ಪೂರ್ವ ತಪಾಸಣೆಯಲ್ಲಿ ದಾಖಲೆಯ ಸ್ಥಾನ

ಕಣ್ಣುಗೂಡಿನ ಸಾದಾ ಎಕ್ಸ್-ರೇ ಹಿಂದೆ ಮಾಡುತ್ತಿದ್ದ ಕೆಲಸದ ಬಹುಪಾಲನ್ನು ಇಂದು ಸಿಟಿ ಸ್ಕ್ಯಾನ್ ವಹಿಸಿಕೊಂಡಿದೆ. ಗೂಡಿನ ತಳ ಮುರಿದು ಒಳಗಿನ ಕೊಬ್ಬು ಸೈನಸ್‌ಗೆ ಜೋತುಬಿದ್ದರೆ ವಾಟರ್ಸ್ ನೋಟದಲ್ಲಿ ಹನಿಯಾಕಾರದ ನೆರಳು ಕಾಣಬಹುದು. ಶಸ್ತ್ರಚಿಕಿತ್ಸೆಯ ತೀರ್ಮಾನಕ್ಕೆ ಅಷ್ಟು ಸಾಲದು. ದೃಷ್ಟಿನರದ ರಂಧ್ರ ತೋರಿಸುತ್ತಿದ್ದ ರೀಸ್ ನೋಟ ಬಹುತೇಕ ಬಳಕೆ ತಪ್ಪಿದೆ. ಇಷ್ಟರ ಬಗ್ಗೆ ತಕರಾರಿಲ್ಲ. ಸಾದಾ ಚಿತ್ರ ಈಗ ಮುಖ್ಯವಾಗಿ ಬೇಕಾಗುವುದು ಎಂಆರ್‌ಐಗೆ ಮುನ್ನ, ಕಣ್ಣಿನಲ್ಲಿ ಲೋಹದ ಚೂರು ಉಳಿದಿದೆಯೇ ಎಂದು ನೋಡಲು.

ಈ ತಪಾಸಣೆಗೆ ಬುನಾದಿ 1986ರಲ್ಲಿ ಕೆಲ್ಲಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಕರಣ. ತಗಡಿನ ಕೆಲಸ ಮಾಡಿದ್ದ ರೋಗಿಯೊಬ್ಬರ ಕಣ್ಣಲ್ಲಿ ಯಾರ ಗಮನಕ್ಕೂ ಬಾರದೆ ಉಳಿದಿದ್ದ ಚೂರು ಎಂಆರ್‌ಐ ಯಂತ್ರದಲ್ಲಿ ಜರುಗಿ, ಕಣ್ಣುಗುಡ್ಡೆಯೊಳಗೆ ರಕ್ತಸ್ರಾವವಾಗಿತ್ತು. ಮುಂದೆ, ಲೋಹದ ಕೆಲಸ ಮಾಡಿದವರಿಗೆಲ್ಲ ಎಕ್ಸ್-ರೇ ತೆಗೆಸುವ ರೂಢಿ ಹಲವೆಡೆ ಬೆಳೆಯಿತು. 2000ರಲ್ಲಿ ಸೈಡನ್‌ವರ್ಮ್ ಮತ್ತು ಸಂಗಡಿಗರು ಇದನ್ನು ಪ್ರಶ್ನಿಸಿದರು. ಕಸುಬೊಂದೇ ಎಕ್ಸ್-ರೇಗೆ ಕಾರಣವಾಗಬಾರದು, ಮೊದಲು ರೋಗಿಯನ್ನು ವಿಚಾರಿಸಬೇಕು, ಅನುಮಾನ ಉಳಿದವರಿಗಷ್ಟೇ ಚಿತ್ರ ತೆಗೆಯಬೇಕು. ಹೀಗೆ ಮಾಡಿದರೆ ಖರ್ಚಿಗೆ ಸಿಗುವ ಫಲ ಸುಮಾರು ಹತ್ತುಪಟ್ಟಾಗುತ್ತದೆ ಎಂಬುದು ಅವರ ವಾದ.

ವಾದದ ಮೊದಲರ್ಧವನ್ನು ಒಪ್ಪುತ್ತೇನೆ. ನನ್ನ ತಕರಾರು ಎರಡನೆಯರ್ಧದ ಬಗ್ಗೆ. ಈ ಲೆಕ್ಕ ನಿಂತಿರುವುದು, ಕಣ್ಣಿಗೆ ಬಿದ್ದ ಚೂರುಗಳಲ್ಲಿ ಇಷ್ಟು ಪಾಲನ್ನು ತೆಗೆದಿರುತ್ತಾರೆ ಎಂಬ ಊಹೆಯ ಮೇಲೆ. ಅದು ಊಹೆಯೆಂದು ಲೇಖಕರೇ ಹೇಳಿದ್ದಾರೆ. ಗಾಯಗೊಂಡವನು ನೇರವಾಗಿ ನೇತ್ರವೈದ್ಯರ ಬಳಿ ಹೋಗುವ, ಅವರು ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿ ಬರೆದಿಡುವ ವ್ಯವಸ್ಥೆಯಲ್ಲಿ ಆ ಊಹೆ ಸಲ್ಲುತ್ತದೆ. ಪೀಣ್ಯದ ಲೇತ್ ಶೆಡ್ಡಿನಲ್ಲೋ ಬೆಳಗಾವಿಯ ಫೌಂಡ್ರಿಯಲ್ಲೋ ಕಣ್ಣಿಗೆ ಕಣ ಹಾರಿದರೆ ಎಷ್ಟೋ ಬಾರಿ ಮೊದಲ ಚಿಕಿತ್ಸೆ ಪಕ್ಕದ ಯಂತ್ರದವನದೇ: ರೆಪ್ಪೆ ಮಗುಚಿ, ಬಟ್ಟೆಯ ತುದಿಯಿಂದ ಒರೆಸಿ, ನೀರು ಚಿಮುಕಿಸುತ್ತಾನೆ. ವರ್ಷಗಳ ನಂತರ ಬೆನ್ನುನೋವಿಗೆಂದು ಎಂಆರ್‌ಐಗೆ ಬಂದಾಗ ‘ಕಣ ತೆಗೆದರಾ?’ ಎಂದು ಕೇಳಿದರೆ ‘ಹೂಂ, ತೆಗೆದ್ರು ಸಾರ್’ ಎನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಆದರೆ ಒರೆಸಿದರೆ ಬರುವುದು ಮೇಲ್ಮೈಯ ಕಣ ಮಾತ್ರ. ಉಳಿಯ ಮೇಲೆ ಸುತ್ತಿಗೆ ಬಿದ್ದಾಗ ಸಿಡಿಯುವ ಚೂರು ವೇಗವಾಗಿ ಒಳಹೊಕ್ಕು, ಗಾಯ ತಾನಾಗಿ ಮುಚ್ಚಿಕೊಂಡು, ಹೆಚ್ಚು ನೋವೂ ಇಲ್ಲದೆ ಉಳಿದುಬಿಡಬಹುದು.

ಹೀಗಾಗಿ ನನ್ನ ನಿಲುವು ಇದು: ಲೋಹ ತಾಗಿದ್ದು ಹೌದಾಗಿ, ತೆಗೆದದ್ದಕ್ಕೆ ವೈದ್ಯರ ಬರಹ ಇಲ್ಲವಾದರೆ, ಒಮ್ಮೆ ಎಕ್ಸ್-ರೇ ತೆಗೆಯಬೇಕು, ಆ ವರದಿ ಮುಂದಿನ ಎಂಆರ್‌ಐಗಳಿಗೂ ಆಧಾರವಾಗುವಂತಿರಬೇಕು. ಇದಕ್ಕೆ ಕೆಲವು ಮಿತಿಗಳಿವೆ. ಲೋಹದ ಕೆಲಸದವರೆಲ್ಲರಿಗೂ ಇದು ಅನ್ವಯಿಸದು. ಗಾಯವಾದ ಮೇಲೆ ಕಣ್ಣುಗೂಡು ಒಳಗೊಂಡ ಸಿಟಿ ಆಗಿದ್ದರೆ ಅದನ್ನೇ ನೋಡಿದರೆ ಸಾಕು. ಪಾರ್ಶ್ವವಾಯುವಿನಂಥ ತುರ್ತಿನಲ್ಲಿ ಎಕ್ಸ್-ರೇಗಾಗಿ ಕಾಯುವುದು ಸಲ್ಲದು. ಮತ್ತೆ ಲೋಹ ತಾಗಿದರೆ ಹಳೆಯ ವರದಿ ನಿಲ್ಲದು. ಕಣ್ಣಿನ ಮಸೂರಕ್ಕೆ ಹಾನಿಯಾಗುವ ವಿಕಿರಣದ ಮಟ್ಟವನ್ನು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2011ರಲ್ಲಿ 0.5 ಗ್ರೇಗೆ ಇಳಿಸಿತು. ಒಂದೆರಡು ಚಿತ್ರಗಳ ಪ್ರಮಾಣ ಅದಕ್ಕಿಂತ ತೀರಾ ಕಡಿಮೆ. ಮುಖವನ್ನು ಡಿಟೆಕ್ಟರ್ ಕಡೆಗೆ ಇರಿಸಿದರೆ ಇನ್ನೂ ಕಡಿಮೆ. ಹಾಗೆಂದು ವರದಿ ಸಾಲದೆ ಅದೇ ಚಿತ್ರವನ್ನು ಮತ್ತೆ ಮತ್ತೆ ತೆಗೆಯುವುದಕ್ಕೆ ಇದು ಸಮರ್ಥನೆಯಾಗದು.

ವರದಿ ಆಧಾರವಾಗಬೇಕಾದರೆ ಅದರಲ್ಲಿ ಏನಿರಬೇಕು? ಮೊದಲು ಕಾರಣ: ಯಾವ ಕಣ್ಣು, ಯಾವ ಲೋಹ, ಯಾವಾಗ ತಾಗಿದ್ದು. ನಂತರ ನೋಟ. ಕಾಲ್ಡ್‌ವೆಲ್ ನೋಟದಲ್ಲಿ ಕಿರಣವನ್ನು 15 ಡಿಗ್ರಿ ಮಾತ್ರ ಓರೆಯಾಗಿಸಿದರೆ ಪೆಟ್ರಸ್ ಮೂಳೆಯ ನೆರಳು ಗೂಡಿನ ಕೆಳಭಾಗದ ಮೇಲೆ ಬಿದ್ದು ಸಣ್ಣ ಚೂರನ್ನು ಮರೆಮಾಡಬಹುದು. ಗಲ್ಲ ಎತ್ತಿಸಿ ತೆಗೆದ ವಾಟರ್ಸ್ ನೋಟದಲ್ಲಿ ಆ ನೆರಳು ಕೆಳಗೆ ಸರಿಯುತ್ತದೆ. ಮೂರನೆಯದು ದೃಷ್ಟಿಯ ದಿಕ್ಕು. ಮೇಲೆ ನೋಡಿಸಿ ಒಂದು, ಕೆಳಗೆ ನೋಡಿಸಿ ಇನ್ನೊಂದು ಚಿತ್ರ ತೆಗೆದಾಗ, ಜಾಗ ಬದಲಿಸದ ಬಿಳಿಚುಕ್ಕೆ ಕ್ಯಾಸೆಟ್ಟಿನ ಧೂಳಿನದಿರಬಹುದು. ಬದಲಿಸಿದ್ದು ಕಣ್ಣುಗುಡ್ಡೆಯದೆಂಬ ಅನುಮಾನ ಬಲವಾಗುತ್ತದೆ. ಸ್ನಾಯುವಿಗೆ ಅಂಟಿದ ಚೂರೂ ಜರುಗಬಲ್ಲದಾದ್ದರಿಂದ ಅದು ಅನುಮಾನವೇ ಹೊರತು ತೀರ್ಪಲ್ಲ. ‘ಎರಡೂ ಕಣ್ಣುಗೂಡು ನಾರ್ಮಲ್’ ಎಂದಷ್ಟೇ ಬರೆದ ವರದಿಯಲ್ಲಿ ಇದಾವುದೂ ಇರುವುದಿಲ್ಲ. ಎರಡು ವರ್ಷದ ಬಳಿಕ ಅದನ್ನು ಓದುವ ಎಂಆರ್‌ಐ ತಂತ್ರಜ್ಞರಿಗೆ ಮತ್ತೆ ಚಿತ್ರ ತೆಗೆಸದೆ ಗತ್ಯಂತರವಿಲ್ಲ.

ವರದಿ ಎಲ್ಲಿರಬೇಕು ಎಂಬುದೂ ಮುಖ್ಯ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ದಾಖಲೆಯನ್ನು 3 ವರ್ಷ ಇಡಬೇಕೆಂದದ್ದು ಒಳರೋಗಿಗಳ ವಿಷಯದಲ್ಲಿ. ಈ ಎಕ್ಸ್-ರೇ ಬಹುತೇಕ ಹೊರರೋಗಿಗಳದು. ಆದ್ದರಿಂದ ಪೂರ್ಣ ವರದಿಯ ಪ್ರತಿ ಕಾರ್ಮಿಕನ ಕೈಯಲ್ಲೇ ಇರುವುದು ಲೇಸು.

ಈ ಚರ್ಚೆ ಇಲ್ಲಿಗೆ ಮುಗಿಯುವುದಿಲ್ಲ. ಎಕ್ಸ್-ರೇ ಲೋಹವಿದೆಯೆಂದು ತೋರಿಸುತ್ತದೆ. ಅದು ಅಯಸ್ಕಾಂತಕ್ಕೆ ಸೆಳೆಯಲ್ಪಡುವ ಲೋಹವೇ ಎಂದು ಹೇಳಲಾರದು. ನಮ್ಮ ಕಾರ್ಖಾನೆಗಳಲ್ಲಿ ಕಣ್ಣಿಗೆ ಬಿದ್ದ ಚೂರುಗಳನ್ನು ವೈದ್ಯರೇ ತೆಗೆಯುವ ಪ್ರಮಾಣವನ್ನು ಅಳೆದು, ಅದು ಸೈಡನ್‌ವರ್ಮ್ ಊಹಿಸಿದ ಮಟ್ಟಕ್ಕೆ ಹತ್ತಿರವಿದೆಯೆಂದು ಯಾರಾದರೂ ತೋರಿಸಿದರೆ, ಇಲ್ಲಿನ ವಾದವನ್ನು ಆ ಮಟ್ಟಿಗೆ ಸಡಿಲಿಸಬೇಕಾಗುತ್ತದೆ. ಅಂಥ ಅಳತೆಗೂ ಮೊದಲು ಬೇಕಾಗುವುದು ಸರಿಯಾಗಿ ಬರೆದಿಟ್ಟ ವರದಿಗಳೇ.