ಎಸ್ಪೊಸಿಟೊ: ತೊರೆದ ಶಿಶುಗಳಿಗೆ ಇಟ್ಟ ಹೆಸರೇ ನೇಪಲ್ಸ್‌ನಲ್ಲಿ ನಂಬರ್ 1 ಸರ್‌ನೇಮ್

ಇಟಲಿಯಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಸರ್‌ನೇಮ್‌ಗಳಲ್ಲಿ ರೊಸ್ಸಿ, ರುಸ್ಸೊ, ಫೆರಾರಿ ಜೊತೆಗೆ ಎಸ್ಪೊಸಿಟೊ ಕೂಡ ಒಂದು. ದಕ್ಷಿಣದ ನೇಪಲ್ಸ್ ನಗರದಲ್ಲಂತೂ ಇದಕ್ಕೇ ಮೊದಲ ಸ್ಥಾನ. ಆದರೆ ಈ ಹೆಸರಿನವರೆಲ್ಲ ಒಂದೇ ಮನೆತನದವರಲ್ಲ.

ಲ್ಯಾಟಿನ್‌ನ ‘ಎಕ್ಸ್‌ಪೊಸಿಟಸ್’ ಎಂಬ ಪದ ಇದರ ಮೂಲ. ‘ಹೊರಗೆ ಬಿಟ್ಟದ್ದು’ ಎಂದು ಅರ್ಥ. ಬಡತನಕ್ಕೋ, ಮದುವೆಗೆ ಮುನ್ನ ತಾಯಿಯಾದ ಕಳಂಕಕ್ಕೋ ಅಂಜಿ ಹೆತ್ತವರು ಬಿಟ್ಟುಹೋದ ಶಿಶುಗಳಿಗೆ ಈ ಹೆಸರು ಇಡಲಾಗುತ್ತಿತ್ತು.

ನೇಪಲ್ಸ್‌ನ ಅನುನ್ಸಿಯಾಟಾ ಆಶ್ರಮದ ಗೋಡೆಯಲ್ಲಿ ಮರದ ತಿರುಗುವ ಪೆಟ್ಟಿಗೆಯೊಂದಿತ್ತು. ಹೊರಗಿನವರು ಅದರಲ್ಲಿ ಮಗುವನ್ನಿಟ್ಟು ತಿರುಗಿಸಿದರೆ ಒಳಗಿದ್ದವರು ಎತ್ತಿಕೊಳ್ಳುತ್ತಿದ್ದರು. ಬಿಟ್ಟವರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಈ ಪೆಟ್ಟಿಗೆ 1875ರಲ್ಲಿ ಬಂದ್ ಆಯಿತು.

ಬೇರೆ ನಗರಗಳಲ್ಲೂ ಇದೇ ರೂಢಿಯಿತ್ತು. ಮಿಲಾನ್‌ನ ಆಸ್ಪತ್ರೆಯ ಲಾಂಛನ ಪಾರಿವಾಳ. ಹಾಗಾಗಿ ಅಲ್ಲಿನ ಮಕ್ಕಳು ‘ಕೊಲೊಂಬೊ’ ಆದರು. ಫ್ಲಾರೆನ್ಸ್‌ನಲ್ಲಿ ‘ಇನ್ನೊಸೆಂಟಿ’, ಅಂದರೆ ಮುಗ್ಧರು, ಎಂದು ಕರೆಯಲಾಯಿತು.

ಹೆಸರೇ ಹುಟ್ಟಿನ ಗುಟ್ಟು ಹೇಳುತ್ತಿದ್ದರಿಂದ ಮಕ್ಕಳು ಜೀವನವಿಡೀ ಆ ಕಳಂಕ ಹೊರಬೇಕಿತ್ತು. 19ನೇ ಶತಮಾನದಲ್ಲಿ ಈ ಪದ್ಧತಿಗೆ ಕಡಿವಾಣ ಬಿತ್ತು. ಅಷ್ಟರಲ್ಲಿ ಹೆಸರು ತಲೆಮಾರುಗಳಿಗೆ ಹರಡಿಯಾಗಿತ್ತು.

ವಲಸಿಗರ ಜೊತೆ ಅದು ಅಮೆರಿಕ ಖಂಡಗಳನ್ನೂ ತಲುಪಿತು. ಕೆನಡಾದ ಐಸ್ ಹಾಕಿ ದಿಗ್ಗಜ ಫಿಲ್ ಎಸ್ಪೊಸಿಟೊ, ‘ಬ್ರೇಕಿಂಗ್ ಬ್ಯಾಡ್’ ಸರಣಿಯ ನಟ ಜಾನ್ಕಾರ್ಲೊ ಎಸ್ಪೊಸಿಟೊ ಹೆಸರು ಇಂದು ಜಗತ್ತಿಗೇ ಪರಿಚಿತ. ಒಂದು ಕಾಲದಲ್ಲಿ ‘ಯಾರಿಗೂ ಸೇರದವರು’ ಎಂದು ಸಾರುತ್ತಿದ್ದ ಹೆಸರನ್ನು ಇಂದು ಸಾವಿರಾರು ಕುಟುಂಬಗಳು ತಮ್ಮದೆಂದು ಹೇಳಿಕೊಳ್ಳುತ್ತಿವೆ.