ಬೈಲುಕುಪ್ಪೆಯದು 'ಚೈನೀಸ್ ಗಾರ್ಡನ್' ಅಲ್ಲ, ಯಾಕೆ?

ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ ಹೋಗಿಬಂದವರು ಗೋಲ್ಡನ್ ಟೆಂಪಲ್ ಮುಂದಿನ ಹುಲ್ಲುಹಾಸಿನ ಫೋಟೊ ಹಾಕಿ 'ಚೈನೀಸ್ ಗಾರ್ಡನ್' ಅಂತ ಬರೆಯೋದನ್ನು ಆಗಾಗ ನೋಡ್ತೀನಿ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಅದರೊಳಗೊಂದು ರಾಜಕಾರಣ ಇದೆ.

ಮೊದಲು, ಚೀನೀ ಉದ್ಯಾನ ಅಂದ್ರೆ ಏನು? ಬಂಡೆ, ನೀರು, ಗಿಡ, ಕಟ್ಟಡ, ಈ ನಾಲ್ಕರ ಜೋಡಣೆ. ನಾನು ಎಂಜಿನಿಯರಿಂಗ್ ಓದಿದವನು, ನಮಗೆ ನೇರ ಗೆರೆ ಇಷ್ಟ. ಅಲ್ಲಿ ಉಲ್ಟಾ: ದಾರಿ ಅಂಕುಡೊಂಕು, ಒಂದೊಂದು ತಿರುವಿಗೂ ಹೊಸ ನೋಟ. ಗೋಡೆಯಾಚೆಯ ಬೆಟ್ಟವನ್ನೂ ತೋಟದ ಭಾಗವೆನ್ನುವಂತೆ ಕಾಣಿಸುವ 'ಎರವಲು ನೋಟ'ದ ತಂತ್ರವನ್ನು ಜಿ ಚೆಂಗ್ 17ನೇ ಶತಮಾನದಲ್ಲೇ 'ಯುವಾನ್ ಯೆ' ಕೃತಿಯಲ್ಲಿ ವಿವರಿಸಿದ. ಇದಕ್ಕೆ ಮಾದರಿ ಸುಜೋ ನಗರದ ತೋಟಗಳು. 1997ರಲ್ಲಿ ಅವು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು.

18ನೇ ಶತಮಾನದಲ್ಲಿ ಈ ಕಲ್ಪನೆ ಯುರೋಪಿಗೆ ಹೋಯ್ತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ವಿಲಿಯಂ ಚೇಂಬರ್ಸ್ ವಿನ್ಯಾಸದ ಪಗೋಡ ಎದ್ದದ್ದು 1762ರಲ್ಲಿ. ಬಳುಕುವ ದಾರಿ, ಕೊಳಗಳ ಇಂಗ್ಲಿಷ್ ಶೈಲಿಯನ್ನು ಫ್ರೆಂಚರು 'ಆಂಗ್ಲೊ-ಚೀನೀ' ಅಂತಲೇ ಕರೆದರು. ವಿಪರ್ಯಾಸ ನೋಡಿ, 1860ರಲ್ಲಿ ಬೀಜಿಂಗ್‌ನ ಯುವಾನ್‌ಮಿಂಗ್‌ಯುವಾನ್ ಅರಮನೆ ತೋಟವನ್ನು ಲೂಟಿ ಮಾಡಿದ್ದು ಇದೇ ಬ್ರಿಟಿಷ್, ಫ್ರೆಂಚ್ ಸೇನೆಗಳು. ಬೆಂಕಿ ಇಟ್ಟಿದ್ದು ಬ್ರಿಟಿಷರು. ಮುಂದೆ ಸುಜೋ ಕುಶಲಕರ್ಮಿಗಳೇ ಕೆನಡಾದ ವ್ಯಾಂಕೂವರಿಗೆ ಹೋಗಿ ಉದ್ಯಾನ ಕಟ್ಟಿದರು, ಅದು ತೆರೆದದ್ದು 1986ರಲ್ಲಿ. ಆ ಹೊತ್ತಿಗೆ ತೋಟ ರಾಜತಾಂತ್ರಿಕತೆಯ ಭಾಗವೂ ಆಗಿತ್ತು.

ಈಗ ಬೈಲುಕುಪ್ಪೆಗೆ ಬನ್ನಿ. 1959ರ ನಂತರ ಟಿಬೆಟ್ ಬಿಟ್ಟುಬಂದವರಿಗೆ ಅಂದಿನ ಮೈಸೂರು ರಾಜ್ಯ ಇಲ್ಲಿ ಜಾಗ ಕೊಟ್ಟಿತು. ಅವರು ಕಾಡು ಕಡಿದು ಜೋಳ ಬೆಳೆದರು. 1963ರಲ್ಲಿ ನಾಮ್‌ಡ್ರೋಲಿಂಗ್ ಮಠ ಶುರುವಾಯ್ತು, ಗೋಲ್ಡನ್ ಟೆಂಪಲ್ ಉದ್ಘಾಟನೆ ಆಗಿದ್ದು 1999ರಲ್ಲಿ. ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಟಿಬೆಟಿಯನ್ ವಸತಿ ಇದೆ. ಮಠದ ಅಂಗಳ ಪ್ರಾರ್ಥನೆಗೆ, ಪ್ರದಕ್ಷಿಣೆಗೆ ಇರೋದು. ಸುಜೋ ತೋಟ ನೋಟವನ್ನು ಅಡಗಿಸಿ ತೋರಿಸುತ್ತೆ, ಇಲ್ಲಿ ದೇವಾಲಯ ಎದುರಿಗೇ ನಿಂತಿರುತ್ತೆ. ಟಿಬೆಟ್ ವಾಸ್ತುವಿನ ಮೇಲೆ ಚೀನಾದ ಪ್ರಭಾವ ಇಲ್ಲವೇ ಇಲ್ಲ ಅಂತಲ್ಲ. ಭಾರತ, ನೇಪಾಳದ್ದೂ ಇದೆ.

ಟಿಬೆಟ್ ಅನಾದಿಯಿಂದ ತನ್ನದೇ ಅನ್ನೋದು ಬೀಜಿಂಗ್ ಸರ್ಕಾರದ ವಾದ. ಅದೇ ಸರ್ಕಾರದ ಆಳ್ವಿಕೆಯಿಂದ ಓಡಿಬಂದವರು ಕಟ್ಟಿಕೊಂಡ ಜಾಗಕ್ಕೆ ನಾವು 'ಚೈನೀಸ್' ಅಂತ ಹೆಸರಿಟ್ಟರೆ, ಆ ವಾದವನ್ನು ಪುಕ್ಕಟೆ ಪ್ರಚಾರ ಮಾಡಿದಂತೆ. ಚೀನೀ ತೋಟದ ದೂರದ ನೆಂಟರನ್ನು ಬಳುಕು ದಾರಿಯ ಇಂಗ್ಲಿಷ್ ಮಾದರಿ ಪಾರ್ಕುಗಳಲ್ಲಿ ಹುಡುಕಿ. ಬೈಲುಕುಪ್ಪೆಯ ಫೋಟೊ ಕೆಳಗೆ 'ಟಿಬೆಟಿಯನ್' ಅಂತಲೇ ಬರೀರಿ.