ಹತ್ತಿ ಗಾಡಿಯ ಸೀಮೆಯಲ್ಲಿ ಒಂಟಿ ಗಾಲಿ

ಸೈಕಲ್ಲಿಗೆ ಚೈನು ಬರುವ ಮೊದಲು ವೇಗ ಬೇಕೆಂದರೆ ಇದ್ದದ್ದು ಒಂದೇ ಉಪಾಯ, ಗಾಲಿಯನ್ನೇ ದೊಡ್ಡದು ಮಾಡುವುದು. ಪೆಡಲು ಗಾಲಿಯ ನಡುವಿಗೇ ಕೂತಿರುತ್ತಿತ್ತು. ಕಾಲು ಒಂದು ಸುತ್ತು ತುಳಿದರೆ ಗಾಲಿಯೂ ಒಂದೇ ಸುತ್ತು. 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಎದೆಮಟ್ಟದ ಮುಂಗಾಲಿಯ ಪೆನ್ನಿ-ಫಾರ್ದಿಂಗ್ ಓಡಾಡಿದ್ದು ಈ ಲೆಕ್ಕದ ಮೇಲೆ. ಥಾಮಸ್ ಸ್ಟೀವನ್ಸ್ ಎಂಬಾತ 50 ಇಂಚಿನ ಅಂಥದೊಂದನ್ನು ಹತ್ತಿ 1884ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಬಿಟ್ಟವನು, 1886ರಲ್ಲಿ ಲಾಹೋರಿನಿಂದ ಕಲ್ಕತ್ತದವರೆಗೂ ತುಳಿದ. ನಮ್ಮ ಕರಾವಳಿಗೆ ಬರಲಿಲ್ಲ. ಬಂದಿದ್ದರೆ ಕಾಳಿ ನದಿಯಲ್ಲಿ ಸೈಕಲ್ಲನ್ನು ದೋಣಿಗೆ ಹಾಕಬೇಕಿತ್ತು.

1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಬಂತು. ಹಿಂಗಾಲಿಗೆ ಚೈನು, ಹೆಚ್ಚುಕಮ್ಮಿ ಸಮ ಅಳತೆಯ ಎರಡು ಗಾಲಿ. ಕೆಲವೇ ವರ್ಷಗಳಲ್ಲಿ ದೊಡ್ಡ ಗಾಲಿಯ ಕಥೆ ಮುಗಿಯಿತು.

ಕಾರವಾರ ಬಂದರಿಗೂ ಅದೇ ಹೊತ್ತಿಗೆ ಪೆಟ್ಟು ಬಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ನಿಂತಿತು. ಧಾರವಾಡದ ಹತ್ತಿಗೆ ಬೇಡಿಕೆ ಏರಿತು. ಅಲ್ಲಿಯವರೆಗೆ ಅದು ಹೆಚ್ಚಾಗಿ ಕುಮಟಾದಿಂದ ಹಡಗು ಹತ್ತುತ್ತಿತ್ತು, ಪೇಟೆಯಲ್ಲಿ ಆ ಹತ್ತಿಯ ಹೆಸರೇ ‘ಕುಮಟಾ’. ಮ್ಯಾಂಚೆಸ್ಟರಿನವರಿಗೆ ಇನ್ನೂ ಒಳ್ಳೆಯ ಬಂದರು ಬೇಕಾಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಒತ್ತಡವೂ ಇತ್ತು. ಘಟ್ಟದ ರಸ್ತೆಗಳಾದವು, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಹತ್ತಿ ಗಾಡಿಗಳು ಬಂದವು. ಆದರೆ 1888ರ ಹೊತ್ತಿಗೆ ಕ್ಯಾಸಲ್‌ರಾಕ್ ಮೂಲಕ ಗೋವಾದ ಮುರ್ಮಗೋವೆಗೆ ರೈಲು ಬಂತು. ಹತ್ತಿ ರೈಲು ಹತ್ತಿ ಹೋಯ್ತು.

ನಾನು ಊರಿಗೆ ಹೋದಾಗ ತುಳಿಯುವುದು 36 ಇಂಚಿನ ಒಂಟಿ ಗಾಲಿಯ ಸೈಕಲ್ಲು. ಚೈನಿಲ್ಲ, ಗೇರಿಲ್ಲ, ಒಂದು ತುಳಿತಕ್ಕೆ ಸುಮಾರು 2.87 ಮೀಟರು. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಹತ್ತು ಕಿಲೋಮೀಟರು ಚಿಲ್ಲರೆ. ಇಳಿಜಾರಲ್ಲೂ ಕಾಲಿಗೆ ಬಿಡುವಿಲ್ಲ, ಗಾಲಿ ತಿರುಗಿದಷ್ಟೂ ಪೆಡಲು ತಿರುಗುತ್ತದೆ. ಸರ್ಕಸ್ಸಿನಲ್ಲಿ ಕಾಣುವ ಸಣ್ಣ ಗಾಲಿಯದನ್ನು ನಮ್ಮ ಚಿರೆಕಲ್ಲಿನ ಓಣಿಗೆ ತಂದರೆ ಮೊದಲ ಹೊಂಡಕ್ಕೇ ಗಾಲಿ ಕಚ್ಚಿಕೊಂಡು ಸವಾರ ಮುಂದಕ್ಕೆ ಹಾರುತ್ತಾನೆ. ದೊಡ್ಡ ಗಾಲಿ ಅದೇ ಹೊಂಡದಲ್ಲಿ ಅಷ್ಟು ಇಳಿಯುವುದಿಲ್ಲ, ಕಲ್ಲನ್ನೂ ಓರೆಯಾಗಿ ಹತ್ತುತ್ತದೆ. ಎತ್ತಿನ ಗಾಡಿಯ ಗಾಲಿ ಅಷ್ಟೆತ್ತರ ಇರುವುದೂ ಇದೇ ಕಾರಣಕ್ಕೆ. ಹಳ್ಳಿಯ ಬಡಗಿಗೆ ಇದನ್ನು ಯಾವ ಇಂಜಿನಿಯರಿಂಗ್ ಕಾಲೇಜೂ ಹೇಳಿಕೊಟ್ಟಿರಲಿಲ್ಲ.

ಬೇಲೆಕೇರಿ, ಅವರ್ಸಾ, ಹಾರವಾಡ ಕಡೆಯ ಓಣಿಗಳು, ಗಜನಿ ಕಟ್ಟಿನ ಮೇಲಿನ ಕಾಲುದಾರಿ ಇದಕ್ಕೆ ಹೇಳಿ ಮಾಡಿಸಿದಂತಿವೆ. ದಣಪೆ ಎದುರಾದಲ್ಲಿ ಮಾತ್ರ ಇಳಿಯಬೇಕು. ಇಳಿದೆನೆಂದರೆ ಪ್ರಶ್ನೆ ತಪ್ಪಿದ್ದಲ್ಲ: “ಮತ್ತೊಂದು ಗಾಲಿ ಎಲ್ಲಿ ಬಿಟ್ಟಿಕ್ಕೆ ಬಂದೆ ತಮಾ?”

ಈ ಓಣಿಗಳು ಇನ್ನೂ ಓಣಿಗಳಾಗಿ ಉಳಿದದ್ದು 1888ರ ಸೋಲಿನಿಂದ ಅಂತ ನನಗೆ ಬಲವಾದ ಗುಮಾನಿ. ಆಗ ರೈಲು ಅರಬೈಲು ಇಳಿದಿದ್ದರೆ ಅಂಕೋಲೆ ಬೇರೆಯದೇ ಊರಾಗಿರುತ್ತಿತ್ತು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಈಗಲೂ ಅರಣ್ಯ ಅನುಮತಿ, ಕೋರ್ಟು ಅಂತ ದಶಕಗಳಿಂದ ಎಳೆದಾಡುತ್ತಿದೆ. ಘಟ್ಟದ ಕಾಡು ಕಡಿದು ಬರುವ ರೈಲು ನನಗೆ ಬೇಡ ಅನ್ನಿಸುತ್ತದೆ. ಆದರೆ ನಾನು ಬೆಂಗಳೂರಲ್ಲಿ ಸಂಬಳ ಎಣಿಸುವವನು. ಊರಲ್ಲೇ ಇರುವ ನನ್ನ ಜೊತೆಯ ಹುಡುಗರು ರೈಲು ಬರಲಿ ಅಂತಾರೆ. ಸದ್ಯಕ್ಕೆ ಅರಬೈಲಲ್ಲಿ ಲಾರಿ ಕೆಟ್ಟು ನಿಂತರೆ, ಹುಬ್ಬಳ್ಳಿ ಆಸ್ಪತ್ರೆಗೆ ಹೊರಟ ಆಂಬುಲೆನ್ಸೂ ಆ ಸಾಲಿನ ಹಿಂದೆಯೇ ನಿಲ್ಲಬೇಕು.